ಬಾಗಿಲು ಹಾಕಿ ಬಂದುಬಿಡಿ

ಬೀದಿಯವರೆಲ್ಲ ಅವರನ್ನ ಹಿಂದಿನಿಂದ ‘ಪದಕ್ಕೆಪದ’ ಅಂತಾರೆ, ಎದುರಿಗೆ ‘ಮೇಷ್ಟ್ರೇ’ ಅಂತಾರೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅನುವಾದಕರು, ಅದರಲ್ಲೂ ಮೊಹರು ಇರೋ ಅನುವಾದಕರು. ಆದರೆ ಯಾರ ಮಾತಿನಲ್ಲಾದರೂ ಒಂದು ಪದ ಹೆಚ್ಚು ಕಡಿಮೆ ಆದರೆ ಅಲ್ಲೇ ತಡೆದು ತಿದ್ದೋ ಚಾಳಿ ಇರೋದರಿಂದ ಆ ಹೆಸರು ತಾನಾಗಿಯೇ ಅಂಟಿಕೊಂಡಿತು. ‘ಒಂದು ನಿಮಿಷ, ಬಂದೆ’ ಅಂತ ಹೇಳಿ ನಾನು ಟೀ ಕುಡಿದು ಬಂದರೆ, ಗಡಿಯಾರ ತೋರಿಸಿ ‘ಹದಿನೇಳು’ ಅಂತಾರೆ. ಅಷ್ಟೇ, ಅದರ ಮೇಲೆ ಒಂದು ಮಾತಿಲ್ಲ.

ನನ್ನ ಅಂಗಡಿ ವೀಸಾ ಕಚೇರಿಯ ಎದುರಿಗೇ ಇದೆ. ಎರಡು ಜೆರಾಕ್ಸ್ ಮಿಷನ್ನು, ಒಂದು ಲ್ಯಾಮಿನೇಷನ್ ಮಿಷನ್ನು, ಫೋಟೋ ತೆಗೆಯೋಕೆ ಬಿಳಿ ಬಟ್ಟೆ ಕಟ್ಟಿದ ಒಂದು ಮೂಲೆ, ಅಲ್ಲೊಂದು ಕುಂಟು ಸ್ಟೂಲು. ಜನರ ಅರ್ಜಿ ತುಂಬಿಕೊಡೋದು ನನ್ನ ಕೆಲಸ. ಚಿಕ್ಕವರು ದೊಡ್ಡವರು ಎಲ್ಲರಿಗೂ ನಾನು ಜೆರಾಕ್ಸ್ ಅಕ್ಕ. ಮೇಷ್ಟ್ರ ಮೇಜು ಒಳಗಡೆ ಗೋಡೆಗೆ ಒತ್ತಿಕೊಂಡಿದೆ. ಫ್ಯಾನಿನ ಕೆಳಗೆ ಅವರು ಕೂರೋದಿಲ್ಲ, ಕಾಗದ ಹಾರುತ್ತೆ ಅಂತ. ಮೇಜಿನ ಮೇಲೆ ಚೂಪು ಮಾಡಿದ ಆರು ಪೆನ್ಸಿಲ್ಲು, ಮೊಹರು, ಇಂಕಿನ ಪ್ಯಾಡು, ಆಮೇಲೆ ಒಂದು ಹಸಿರು ರಟ್ಟಿನ ದಪ್ಪ ಪುಸ್ತಕ.

ಆ ಪುಸ್ತಕದ ವಿಷಯ ಹೇಳಲೇಬೇಕು. ಅದರಲ್ಲಿ ಎಡಗಡೆ ನಮ್ಮ ಮಾತು, ಬಲಗಡೆ ಎದುರಿನ ಕಚೇರಿಯ ದೇಶದ ಮಾತು, ನಡುವೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಒಂದು ಮಾತಿಗೆ ಒಂದೇ ಜೊತೆ, ಅದು ಅವರ ನಿಯಮ. ಇಪ್ಪತ್ತು ವರ್ಷದ ಹಿಂದೆ ಒಂದು ಪದಕ್ಕೆ ಯಾವ ಜೊತೆ ಬರೆದಿದ್ದಾರೋ ಇವತ್ತೂ ಅದೇ. ‘ಇವತ್ತೊಂದು ನಾಳೆಯೊಂದು ಬರೆದರೆ ಮೊಹರಿಗೆ ಏನು ಮರ್ಯಾದೆ?’ ಅಂತಾರೆ. ಸೇರಿಸೋದಿಲ್ಲ, ಬಿಡೋದಿಲ್ಲ. ಒಂದು ಸಲ ಯಾರದ್ದೋ ಜನನ ಪತ್ರದಲ್ಲಿ ಗುಮಾಸ್ತ ಕೈತಪ್ಪಿ ‘ಗಂಡು ಮಗು’ ಅನ್ನೋ ಕಡೆ ‘ಗುಂಡು ಮಗು’ ಅಂತ ಬರೆದಿದ್ದ. ಮೇಷ್ಟ್ರು ಬಂದೂಕಿನ ಗುಂಡು ಅಂತಲೇ ಅನುವಾದ ಮಾಡಿ ಮೊಹರು ಒತ್ತಿಕೊಟ್ಟರು. ಮಗುವಿನ ಅಪ್ಪ ಬಂದು ಬಾಯಿಗೆ ಬಂದ ಹಾಗೆ ಬೈದ. ‘ಮೂಲದಲ್ಲಿ ಇರೋದು ಗುಂಡು. ಮೂಲ ತಿದ್ದಿಸಿಕೊಂಡು ಬನ್ನಿ’ ಅಂದವರೇ ಪೆನ್ಸಿಲ್ ಚೂಪು ಮಾಡೋಕೆ ಶುರುಮಾಡಿದರು.

ಒಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಕೂತಿದ್ದೀವಿ. ಈ ಮನುಷ್ಯ ಯಾಕೆ ಹೀಗೆ ಅಂತ ತಿಳಿದುಕೊಳ್ಳೋಕೆ ನಾನು ಮಾಡದ ಕಸರತ್ತಿಲ್ಲ. ಮೂಗು ತೂರಿಸೋದು ನನ್ನ ಹುಟ್ಟುಗುಣ, ಮುಚ್ಚಿಡೋದೇನಿದೆ? ಬೇರೆಯವರ ಕಡತ ಕೈಗೆ ಬಂದರೆ ಒಂದು ಸಲ ಪೂರ್ತಿ ಓದದೆ ನನಗೆ ಊಟ ಸೇರೋದಿಲ್ಲ. ಆದರೆ ಮೇಷ್ಟ್ರು ಮಾತ್ರ ಬೀಗ ಹಾಕಿದ ಪೆಟ್ಟಿಗೆ. ಅದು ತೆರೆದಿದ್ದು ಮಿಷನ್ ಮಾಮನ ವೀಸಾ ತಿರಸ್ಕಾರ ಆದಾಗ.

ಮಿಷನ್ ಮಾಮ ಅಂದರೆ ಹೊಲಿಗೆ ಮಿಷನ್ ರಿಪೇರಿ ಮಾಡುವವರು. ಬಟ್ಟೆ ಬೀದಿಯ ಹಿಂದಿನ ಓಣಿಯಲ್ಲಿ ಅಂಗಡಿ. ಟೈಲರ್ ಹೆಂಗಸರೆಲ್ಲ ಮಾಮ ಮಾಮ ಅಂತ ಕರೆದು ಆ ಹೆಸರು ಬಂತು. ಅದೇ ಲೆಕ್ಕದಲ್ಲಿ ಅವರ ಹೆಂಡತಿ ಅತ್ತೆ. ಮಾಮ ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನ ಅಕ್ಕ ಅಂತಾರೆ. ನಾನು ಅವರನ್ನ ಮಾಮ ಅಂತೀನಿ. ನಮ್ಮಿಬ್ಬರ ಸಂಬಂಧ ಏನು ಅಂತ ಯಾವ ಅರ್ಜಿಯ ಯಾವ ಕಲಮಿನಲ್ಲೂ ತುಂಬೋಕಾಗೋದಿಲ್ಲ. ಅವರಿಗೆ ಒಬ್ಬಳೇ ಮಗಳು, ಪುಟ್ಟಿ. ಹೊರದೇಶದಲ್ಲಿ ಯಂತ್ರಗಳ ಓದು. ಹೋಗಿ ನಾಲ್ಕು ವರ್ಷ ಆಯ್ತು, ಒಂದು ಸಲವೂ ಊರಿಗೆ ಬಂದಿಲ್ಲ. ರಜೆಯಲ್ಲಿ ಅಲ್ಲೇ ಕೆಲಸ ಮಾಡ್ತಾಳೆ. ಅವಳಿಗೆ ಪದವಿ ಕೊಡುವ ದಿನ ಹತ್ತಿರ ಬಂದಿತ್ತು. ಪ್ರತಿ ವಿದ್ಯಾರ್ಥಿಯ ಮನೆಯವರಿಗೆ ಎರಡು ಕುರ್ಚಿ. ಪುಟ್ಟಿಯದು ಆರನೇ ಸಾಲು, ಹನ್ನೊಂದು ಮತ್ತು ಹನ್ನೆರಡು. ಆ ನಂಬರನ್ನ ಮಾಮ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು.

ಅರ್ಜಿ ತುಂಬಿದ್ದು ನಾನೇ. ಎಂಟು ದಾಖಲೆ ಇಟ್ಟೆ. ಒಂಬತ್ತನೆಯದು ಪುಟ್ಟಿ ಕೈಯಲ್ಲೇ ಬರೆದು ಕಳಿಸಿದ್ದ ಒಂದು ಪುಟದ ಕಾಗದ. ಅದನ್ನ ಅತ್ತೆ ಚೀಲದಿಂದ ತೆಗೆದು ಸುಮ್ಮನೆ ತೋರಿಸಿದರು. ನಾನು ಸುಮ್ಮನಿರಬೇಕಿತ್ತು. ‘ಇದನ್ನೂ ಹಾಕೋಣ ಅತ್ತೆ, ಸಂಬಂಧಕ್ಕೆ ಪುರಾವೆ ಆಗುತ್ತೆ, ಓದಿದವರ ಮನಸ್ಸು ಕರಗಲಿ’ ಅಂದೆ. ಮೇಷ್ಟ್ರು ಅನುವಾದ ಮಾಡಿ ಮೊಹರು ಒತ್ತಿದರು. ಹದಿನೆಂಟು ದಿನಕ್ಕೆ ಉತ್ತರ ಬಂತು.

ಇಬ್ಬರೂ ಬಂದು ಕುಂಟು ಸ್ಟೂಲಿನ ಪಕ್ಕ ನಿಂತರು. ಲಕೋಟೆ ಬಿಚ್ಚಿದ್ದು ನಾನು. ಒಂದೇ ಹಾಳೆ, ಮೇಷ್ಟ್ರು ಓದಿ ಹೇಳಿದರು. ‘ನಿಮ್ಮ ವ್ಯಾಪಾರ ಮುಂದುವರಿಯುವ ಬಗ್ಗೆ ನೀವೇ ಸಲ್ಲಿಸಿರುವ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಭೇಟಿಯ ನಂತರ ನೀವು ಹಿಂತಿರುಗುವಿರಿ ಎಂದು ನನಗೆ ಮನವರಿಕೆಯಾಗಿಲ್ಲ.’ ಕೆಳಗೆ ಒಂದು ಸಹಿ, ಹೆಸರಿಲ್ಲ.

‘ಹಿಂತಿರುಗದೆ ಎಲ್ಲಿಗೆ ಹೋಗ್ಲಿ ಅಕ್ಕ?’ ಮಾಮ ನಿಜವಾಗಿಯೂ ತಿಳಿಯದೆ ಕೇಳಿದರು. ‘ಹನ್ನೆರಡು ಮಿಷನ್ನು ಬಿಚ್ಚಿಟ್ಟು ಬಂದಿದ್ದೀನಿ.’

ಅತ್ತೆ ಆ ಹಾಳೆಯನ್ನ ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೆ ಏನಾದರೂ ಬರೆದಿದೆಯಾ ಅಂತ ನೋಡಿದರು. ಪದವಿಯ ದಿನಕ್ಕೆ ಇನ್ನು ನಲವತ್ತು ದಿನ. ಹೊಸ ಅರ್ಜಿ ಹಾಕಬಹುದು, ಮೂರು ವಾರದಲ್ಲಿ ಉತ್ತರ ಬರುತ್ತೆ. ಆದರೆ ಯಾವ ತಪ್ಪಿಗೆ ಬಿದ್ದೆವು ಅಂತ ತಿಳಿಯದೆ ಅದೇ ಕಾಗದ ಮತ್ತೆ ಕೊಟ್ಟರೆ ಅದೇ ಉತ್ತರ ಮತ್ತೆ ಬರುತ್ತೆ. ಇನ್ನೊಂದು ಸಲ ತಿರಸ್ಕಾರ ಆದರೆ ಮೂರನೆಯದಕ್ಕೆ ದಿನವೇ ಇಲ್ಲ.

ಅವರನ್ನ ಕಳಿಸಿ ಒಂಬತ್ತೂ ದಾಖಲೆಯ ನಕಲು ತೆಗೆದು ಲ್ಯಾಮಿನೇಷನ್ ಮೇಜಿನ ಮೇಲೆ ಹರಡಿದೆ. ವ್ಯಾಪಾರದ ಪರವಾನಗಿ ಇನ್ನೂ ಎರಡು ವರ್ಷ ಇದೆ. ಅಂಗಡಿಯ ಬಾಡಿಗೆ ಕರಾರು ಇದೆ. ತೆರಿಗೆ ಕಟ್ಟಿದ ರಸೀದಿ, ಮನೆ ಪತ್ರ, ಮದುವೆ ಪತ್ರ, ಎಲ್ಲದರಲ್ಲೂ ಹೆಸರು, ವಯಸ್ಸು, ವಿಳಾಸ ಒಂದೇ. ಯಾವುದು ಯಾವುದಕ್ಕೆ ತಾಳೆಯಾಗೋದಿಲ್ಲ? ಎರಡು ದಿನ ತಲೆ ಕೆರೆದುಕೊಂಡೆ. ಆ ದೇಶದ ಭಾಷೆ ನನಗೆ ಗೆರೆ ಎಳೆದ ಜಾಗ ತುಂಬೋಷ್ಟು ಬರುತ್ತೆ, ಅಷ್ಟೇ. ಕಾಗದದ ಅನುವಾದ ಓದಿ ಅರ್ಥ ಮಾಡಿಕೊಳ್ಳೋ ಶಕ್ತಿ ನನಗಿಲ್ಲ.

‘ಮೇಷ್ಟ್ರೇ, ಅನುವಾದಗಳೆಲ್ಲ ಸರಿಯಾಗಿದೆ ತಾನೇ?’ ಅಂತ ಕೇಳಿಬಿಟ್ಟೆ.

ಅವರು ಕನ್ನಡಕದ ಮೇಲಿಂದ ನೋಡಿದ ನೋಟಕ್ಕೆ ನಾನು ಇನ್ನೊಂದು ಪ್ರಶ್ನೆ ಕೇಳದೆ ಫೋಟೋ ಮೂಲೆಗೆ ಹೋಗಿ ಬಿಳಿ ಬಟ್ಟೆ ಸರಿಮಾಡಿದೆ.

ಮೂರನೇ ದಿನ ಮಾಮನ ಅಂಗಡಿಗೇ ಹೋದೆ. ಕಾಗದದಲ್ಲಿ ಕಾಣದ್ದು ಜಾಗದಲ್ಲಿ ಕಂಡೀತು ಅಂತ ಒಂದು ಆಸೆ. ಒಂದು ಕೋಣೆಯಷ್ಟು ಅಂಗಡಿ. ಗೋಡೆಗೆ ಚರ್ಮದ ಬೆಲ್ಟುಗಳು ನೇತಾಡುತ್ತಿವೆ. ಡಬ್ಬಿ ಡಬ್ಬಿಯಲ್ಲಿ ಬಾಬಿನ್ನು, ಸೂಜಿ, ಸ್ಕ್ರೂ. ಚೀಟಿ ಕಟ್ಟಿಸಿಕೊಂಡ ಮಿಷನ್ನುಗಳು ಸಾಲಾಗಿ ಕೂತಿವೆ. ಎಣ್ಣೆ ವಾಸನೆ. ಬಾಗಿಲು ಹಳೇ ಕಾಲದ್ದು, ಒಂದೊಂದೇ ಹಲಗೆ ಚೌಕಟ್ಟಿನ ಸಂದಿಗೆ ಸೇರಿಸಿ ಹಾಕೋ ಥರದ್ದು. ಏಳು ಹಲಗೆ. ಪ್ರತಿ ಹಲಗೆಯ ಮೇಲೂ ಒಂದರಿಂದ ಏಳರವರೆಗೆ ಸೊಟ್ಟ ಸೊಟ್ಟ ಅಂಕಿ.

‘ಪುಟ್ಟಿ ಬರೆದಿದ್ದು, ಒಂದನೇ ಕ್ಲಾಸಲ್ಲಿದ್ದಾಗ’ ಅಂದರು ಅತ್ತೆ. ‘ಇವರು ದಿನಾ ಹಲಗೆ ಅದಲು ಬದಲು ಮಾಡಿ ಒದ್ದಾಡೋರು. ಅವಳು ನಂಬರ್ ಹಾಕಿದ ಮೇಲೆ ಸರಿಹೋಯ್ತು.’

ಊಟದ ಹೊತ್ತಾಯ್ತು. ಮಾಮ ಎದ್ದು ಹಲಗೆ ಜೋಡಿಸೋಕೆ ಶುರುಮಾಡಿದರು. ಐದನೇ ಹಲಗೆ ಕೈಯಲ್ಲಿದ್ದಾಗ ಓಣಿಯ ತುದಿಯಿಂದ ಒಬ್ಬ ಟೈಲರ್ ಹೆಂಗಸು ಭಾರದ ಚೀಲ ಹೊತ್ತು ಏದುಸಿರು ಬಿಡ್ತಾ ಬಂದಳು.

‘ಮಾಮಾ, ಬಾಗಿಲು ಹಾಕಿಬಿಟ್ರಾ?’

‘ಹಾಕಿಬಿಟ್ಟೆ ತಾಯಿ. ಇನ್ನು ನಾಲ್ಕು ಗಂಟೆಗೆ.’

ಅವಳು ಚೀಲ ಅಲ್ಲೇ ಇಟ್ಟು ಹೋದಳು. ‘ಬಾಗಿಲು ಹಾಕಿ’ ಅನ್ನೋ ಮಾತು ಪುಟ್ಟಿ ಕಾಗದದಲ್ಲೂ ಓದಿದ ನೆನಪು ಬಂತು ನನಗೆ.

‘ಅತ್ತೆ, ಪುಟ್ಟಿ ಕಾಗದದಲ್ಲಿ ಏನಂತ ಬರೆದಿದ್ದಾಳೆ?’

ಅತ್ತೆಗೆ ಬಾಯಿಪಾಠ ಆಗಿತ್ತು. ‘ಅಪ್ಪಾ, ಅಮ್ಮಾ, ಎರಡು ಕುರ್ಚಿ ಹಿಡಿದಿಟ್ಟಿದ್ದೀನಿ. ಈ ಸಲವಾದರೂ ಅಂಗಡಿ ಬಾಗಿಲು ಹಾಕಿ ಬಂದುಬಿಡಿ. ಇದೊಂದು ಮಿಷನ್ ನೋಡಿ ಬಂದೆ ಅನ್ನಬೇಡಪ್ಪ.’ ಹೇಳಿ ಅತ್ತೆ ನಕ್ಕರು. ‘ಚಿಕ್ಕವಳಿದ್ದಾಗ ದಿನಾ ಮಧ್ಯಾಹ್ನ ಸ್ಕೂಲಿಂದ ಬಂದು ಈ ಹೊಸಲ ಮೇಲೆ ನಿಂತು ಕೂಗೋಳು, ಅಪ್ಪಾ ಹಸಿವು, ಬಾಗಿಲು ಹಾಕಿ ಬಂದ್ಬಿಡು ಅಂತ. ಇವರು ಇದೊಂದು ಮಿಷನ್ ನೋಡಿ ಬಂದೆ ಪುಟ್ಟಿ ಅನ್ನೋರು. ಆ ಒಂದು ಮಿಷನ್ ಮುಗಿಯೋ ಹೊತ್ತಿಗೆ ಅವಳು ಇಲ್ಲೇ ಮೂಲೆಯಲ್ಲಿ ನಿದ್ದೆ ಹೋಗಿರೋಳು.’

ಮಾಮ ಏಳನೇ ಹಲಗೆಯ ಅಂಕಿ ಮೇಲೆ ಬೆರಳಾಡಿಸಿದರು. ಆಮೇಲೆ ‘ಹೌದು’ ಅಂದರು.

ನಾನು ಓಡಿದೆ. ಈ ವಯಸ್ಸಿನಲ್ಲಿ, ಈ ಮೈಯಲ್ಲಿ, ಬಟ್ಟೆ ಬೀದಿಯ ಉದ್ದಕ್ಕೂ. ಮೇಷ್ಟ್ರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು.

‘ಮೇಷ್ಟ್ರೇ, ಪುಟ್ಟಿ ಕಾಗದದ ಅನುವಾದ ತೆಗೀರಿ. ನೀವು ಅಲ್ಲಿ ಬರೆದಿದ್ದನ್ನ ನಮ್ಮ ಮಾತಿಗೆ ವಾಪಸ್ ಹೇಳಿ. ಪದಕ್ಕೆ ಪದ.’

‘ಕೈ ಎಂಜಲು.’

‘ತೊಳ್ಕೊಳ್ಳಿ!’

ನನ್ನ ದನಿ ಕೇಳಿ ನಿಜವಾಗಿಯೂ ಎದ್ದು ತೊಳೆದುಕೊಂಡು ಬಂದರು. ನಕಲು ಹಿಡಿದು, ಬೆರಳಿಟ್ಟು, ನಿಧಾನವಾಗಿ ಓದಿದರು. ‘ಈ ಬಾರಿಯಾದರೂ ನಿಮ್ಮ ವ್ಯಾಪಾರವನ್ನು ಶಾಶ್ವತವಾಗಿ ಮುಚ್ಚಿ, ಬಂದು, ಅದನ್ನು ಬಿಡಿ.’

‘ಶಾಶ್ವತವಾಗಿ? ಅದು ಎಲ್ಲಿಂದ ಬಂತು?’

ಹಸಿರು ಪುಸ್ತಕ ತೆರೆದು ತೋರಿಸಿದರು. ‘ಅಂಗಡಿ ಬಾಗಿಲು ಹಾಕು’ ಅಂತ ಎಡಗಡೆ; ಬಲಗಡೆ ಅದರ ಜೊತೆ. ದಿವಾಳಿಯಾದ ಒಬ್ಬ ಬಟ್ಟೆ ವ್ಯಾಪಾರಿಯ ಕೋರ್ಟು ಕಡತದಿಂದ ಬರೆದುಕೊಂಡಿದ್ದಂತೆ, ಇಪ್ಪತ್ತಾರು ವರ್ಷದ ಹಿಂದೆ. ‘ಕೋರ್ಟು ಒಪ್ಪಿದ ಜೊತೆ ಇದು’ ಅಂದರು.

‘ಕೋರ್ಟಿನಲ್ಲಿ ಸರಿ ಮೇಷ್ಟ್ರೇ. ಮಿಷನ್ ಮಾಮ ದಿನಕ್ಕೆ ಎರಡು ಸಲ ಬಾಗಿಲು ಹಾಕ್ತಾರೆ, ಅವರೇನು ದಿನಕ್ಕೆ ಎರಡು ಸಲ ದಿವಾಳಿ ಆಗ್ತಾರಾ?’

ನಾನು ಬಿಡಲಿಲ್ಲ. ‘ಬಂದುಬಿಡಿ ಅನ್ನೋದರಲ್ಲಿ ಅದನ್ನು ಅನ್ನೋ ಪದ ಎಲ್ಲಿದೆ? ಪುಟ್ಟಿ ಬರೆದಿಲ್ಲವಲ್ಲ?’

‘ಬಿಡಿ ಅಂದ ಮೇಲೆ ಏನನ್ನ ಬಿಡಬೇಕು ಅಂತ ಹೇಳದೆ ಆ ಭಾಷೆಯಲ್ಲಿ ವಾಕ್ಯ ನಿಲ್ಲೋದಿಲ್ಲ. ಅದಕ್ಕೆ...’

‘ಅದಕ್ಕೆ ಸೇರಿಸಿದ್ರಿ.’

ಆ ಮಾತು ಅಂದ ಮೇಲೆ ನನಗೇ ಅನ್ನಬಾರದಿತ್ತು ಅನ್ನಿಸಿತು. ಅವರು ಪುಸ್ತಕ ಮುಚ್ಚಿ, ಅರ್ಧ ಊಟದ ಡಬ್ಬಿಯನ್ನೂ ಮುಚ್ಚಿ, ಪೆನ್ಸಿಲುಗಳನ್ನ ಒಂದೊಂದೇ ಜೋಡಿಸಿಟ್ಟರು.

‘ಒಂದು ತಿದ್ದುಪಡಿ ಬರೆದುಕೊಡಿ, ಮೊದಲಿನದರಲ್ಲಿ ತಪ್ಪಿತ್ತು ಅಂತ’ ಅಂದೆ ಮೆಲ್ಲಗೆ. ‘ನಾಳೆಯೇ ಹೊಸ ಅರ್ಜಿ ಹಾಕೋಣ.’

‘ಮೊಹರು ಒತ್ತಿದ ಕಾಗದವನ್ನ ನಾನು ಇವತ್ತಿನವರೆಗೆ ವಾಪಸ್ ತಗೊಂಡಿಲ್ಲ.’

‘ಇವತ್ತು ತಗೊಳ್ಳಿ.’

‘ಆಗೋದಿಲ್ಲ.’

ನನಗೆ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷ ಕಾಪಾಡಿಕೊಂಡು ಬಂದ ಮೊಹರು ದೊಡ್ಡದಾ, ಆ ಹುಡುಗಿ ಹಿಡಿದಿಟ್ಟ ಕುರ್ಚಿ ದೊಡ್ಡದಾ ಅಂತ ಕೂಗಿದೆ. ಫೋಟೋ ತೆಗೆಸೋಕೆ ಬಂದಿದ್ದ ಗಂಡ ಹೆಂಡತಿ ಸದ್ದಿಲ್ಲದೆ ಹೊರಗೆ ಹೋದರು. ಆಮೇಲೆ ಮೇಷ್ಟ್ರು, ನಾನು ಕೇಳದೆಯೇ, ಒಂಬತ್ತು ವರ್ಷ ನಾನು ಕೆದಕಿ ಕೆದಕಿ ಕೇಳಿದರೂ ಹೇಳದ್ದನ್ನ ಹೇಳಿದರು.

‘ನನಗಾಗ ಇಪ್ಪತ್ತೈದು. ಒಬ್ಬ ಹೆಣ್ಣುಮಗಳು ಒಂದು ಕಾಗದ ತಂದಳು. ಅವಳ ಅಣ್ಣ ಹೊರದೇಶಕ್ಕೆ ಹೋಗಿ ಅಲ್ಲೇ ಮದುವೆಯಾಗಿದ್ದ. ಆ ಹೆಂಡತಿ ತನ್ನ ಭಾಷೆಯಲ್ಲಿ ಬರೆದಿದ್ದಳು, ನಿನ್ನ ಅಣ್ಣ ಊರಿಗೆ ಬರುವುದಿಲ್ಲ, ಕಾಯಬೇಡ ಅಂತ. ಈ ಹುಡುಗಿ ಅಣ್ಣ ಬಂದ ಮೇಲೇ ತನ್ನ ಮದುವೆ ಅಂತ ಕೂತಿದ್ದಳು. ನನ್ನ ಎದುರಿಗೆ ನಿಂತು ಮುಖ ನೋಡ್ತಾ ಇದ್ದಳು. ನನಗೆ ಪಾಪ ಅನ್ನಿಸ್ತು. ಸದ್ಯಕ್ಕೆ ಬರುವುದಿಲ್ಲ ಅಂತ ಓದಿದೆ.’

‘ಒಂದೇ ಪದ ಸೇರಿಸಿದ್ರಿ.’

‘ಸದ್ಯಕ್ಕೆ. ಆ ಒಂದು ಪದ ನಂಬಿಕೊಂಡು ಆರು ವರ್ಷ ಕಾದಳು. ಆಮೇಲೆ ಯಾರೋ ಅದೇ ಕಾಗದ ಓದಿ ಹೇಳಿದರು. ಬಂದು ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದಳು. ನಿಮ್ಮನ್ನ ಯಾರು ಕೇಳಿದ್ರು? ಅಲ್ಲಿರೋದನ್ನ ಹೇಳಿ ಅಂತ ತಾನೇ ನಾನು ಅಂದಿದ್ದು?’

ಅವತ್ತಿನಿಂದ ಈ ಪುಸ್ತಕ. ತನ್ನದು ಅಂತ ಒಂದು ಪದವೂ ಬೇಡ, ಎಡಕ್ಕೆ ಏನಿದೆಯೋ ಬಲಕ್ಕೆ ಅದರ ಜೊತೆ. ಮೂವತ್ತು ವರ್ಷ ಒಂದು ಪದಕ್ಕೆ ಹೆದರಿ ಬದುಕಿದ ಮನುಷ್ಯನ ಮೇಲೆ ಇಷ್ಟು ಹೊತ್ತು ಕೂಗಾಡಿದ್ದೆ. ಆದರೂ ಆ ಎರಡು ಕುರ್ಚಿ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ.

ಮಾರನೇ ದಿನ ಬೆಳಗ್ಗೆ ಮಾಮ ಅತ್ತೆಯನ್ನ ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಕಾಗದ ಹಾಕೋಣ ಅಂದವಳು ನಾನು ಅಂತಲೂ ಹೇಳಿದೆ. ಮಾಮ ಸಿಟ್ಟಾಗಬಹುದು ಅಂತ ಕಾದೆ. ಅವರು ತಲೆ ಅಲ್ಲಾಡಿಸಿ, ‘ಅಲ್ಲ, ನಮ್ಮ ಪುಟ್ಟಿ ಮಾತಲ್ಲಿ ಇಷ್ಟೆಲ್ಲ ಇತ್ತಾ?’ ಅಂದರು. ಅತ್ತೆ ಎದ್ದು ಮೇಷ್ಟ್ರ ಮೇಜಿನ ಎದುರು ಹೋಗಿ ನಿಂತರು.

‘ಮೇಷ್ಟ್ರೇ, ಬಂದುಬಿಡಿ ಅನ್ನೋದಕ್ಕೆ ಆ ಭಾಷೆಯಲ್ಲಿ ಏನಂತಾರೆ?’

ಜಗಳಕ್ಕೆ ಕೇಳಿದ್ದಲ್ಲ ಅದು. ಮಗಳು ದಿನಾ ಆಡೋ ಭಾಷೆ, ಅದರಲ್ಲಿ ಈ ಮಾತು ಹೇಗಿರುತ್ತೆ ಅಂತ ತಿಳಿಯೋ ಆಸೆ, ಅಷ್ಟೇ. ಮೇಷ್ಟ್ರ ಕೈ ಪುಸ್ತಕದ ಕಡೆ ಹೋಯಿತು, ತೆರೆಯಲಿಲ್ಲ.

‘ಬನ್ನಿ ಅನ್ನೋದಕ್ಕೆ ಇದೆ ತಾಯಿ. ಆ ಬಿಡಿ ಅನ್ನೋದಕ್ಕೆ ಅಲ್ಲಿ ಪದ ಇಲ್ಲ.’

‘ಇಲ್ಲವಾ? ಹಾಗಾದ್ರೆ ಅವರು ಯಾರನ್ನಾದರೂ ತುಂಬಾ ಆಸೆಯಿಂದ ಕರೀಬೇಕಾದ್ರೆ ಏನ್ಮಾಡ್ತಾರೆ?’

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಗೊತ್ತಿಲ್ಲ’ ಅಂದರು. ಅವರ ಬಾಯಿಂದ ಆ ಮಾತು ನಾನು ಮೊದಲ ಸಲ ಕೇಳಿದ್ದು.

‘ಅಂದ್ರೆ ನಮ್ಮ ಹುಡುಗಿ ಅಂದಿದ್ದು ಅಲ್ಲಿಯವರಿಗೆ ಮುಟ್ಟೇ ಇಲ್ಲ’ ಅಂದರು ಅತ್ತೆ, ಹೆಚ್ಚಿಗೆ ಏನೂ ಅಲ್ಲ ಅನ್ನೋ ಹಾಗೆ. ಬಂದು ನನ್ನ ಪಕ್ಕ ಕೂತರು.

ಮೇಷ್ಟ್ರು ಒಂದು ಬಿಳಿ ಹಾಳೆ ಎಳೆದುಕೊಂಡರು. ಆಮೇಲೆ ಶುರುವಾಯಿತು ಪ್ರಶ್ನೆ. ಅಬ್ಬಬ್ಬಾ, ಒಂಬತ್ತು ವರ್ಷದಲ್ಲಿ ಯಾರನ್ನೂ ಒಂದು ಮಾತು ಕೇಳದವರು ಅವತ್ತು ಕೇಳಿದ್ದೇ ಕೇಳಿದ್ದು. ದಿನಕ್ಕೆ ಎಷ್ಟು ಸಲ ಬಾಗಿಲು ಹಾಕ್ತೀರಿ? ಎಷ್ಟು ಹಲಗೆ? ಮಗಳು ಈ ಮಾತು ಎಲ್ಲಿ ನಿಂತು ಹೇಳ್ತಿದ್ದಳು? ಆಗ ಅವಳಿಗೆ ವಯಸ್ಸೆಷ್ಟು? ನೀವು ಹೋದ ಮೇಲೆ ಆ ಹನ್ನೆರಡು ಮಿಷನ್ ಯಾರದ್ದು, ಯಾವಾಗ ವಾಪಸ್ ಕೊಡಬೇಕು? ಮಾಮ ಒಂದೊಂದು ಮಿಷನ್ನಿನ ರೋಗವನ್ನೂ ವಿವರಿಸಿದರು. ಮೇಷ್ಟ್ರು ಎಲ್ಲ ಬರೆದುಕೊಂಡರು. ಮಧ್ಯಾಹ್ನದವರೆಗೆ ಪೆನ್ಸಿಲ್ಲು, ಅಳಿಸೋ ರಬ್ಬರು, ಮತ್ತೆ ಪೆನ್ಸಿಲ್ಲು. ನಮ್ಮ ಮಾತಿನಲ್ಲಿ ಮೊದಲು ಬರೆದು ನಮಗೆ ಓದಿ ಹೇಳಿದರು:

‘ಒಂಬತ್ತನೇ ದಾಖಲೆಯ ಅನುವಾದದಲ್ಲಿ ತಪ್ಪಿದೆ. ತಪ್ಪು ನನ್ನದು, ಅರ್ಜಿದಾರರದ್ದಲ್ಲ. ಬಾಗಿಲು ಹಾಕುವುದು ಎಂದು ನಮ್ಮ ಅಂಗಡಿಯವರು ದಿನಕ್ಕೆ ಎರಡು ಸಲ ಹೇಳುತ್ತಾರೆ, ಊಟಕ್ಕೊಮ್ಮೆ, ಸಂಜೆಗೊಮ್ಮೆ. ಹಾಕಿದ ಬಾಗಿಲನ್ನು ಮತ್ತೆ ತೆಗೆಯುತ್ತಾರೆ. ಬಂದುಬಿಡಿ ಎಂಬುದರಲ್ಲಿರುವ ಬಿಡಿ ಯಾವುದನ್ನೂ ಬಿಡಲು ಹೇಳುವುದಿಲ್ಲ. ಕರೆಯುವವರಿಗೆ ಎಷ್ಟು ಆಸೆಯಿದೆ ಎಂದಷ್ಟೇ ಹೇಳುತ್ತದೆ. ಈ ಮಗಳು ಆರು ವರ್ಷದವಳಿದ್ದಾಗ ತಂದೆಯನ್ನು ಊಟಕ್ಕೆ ಇದೇ ಮಾತಿನಿಂದ ಕರೆಯುತ್ತಿದ್ದಳು. ಅದನ್ನು ಎಂಬ ಪದ ಮೂಲದಲ್ಲಿ ಇಲ್ಲ. ನಾನು ಸೇರಿಸಿದೆ.’

ಕೊನೆಯ ಎರಡು ವಾಕ್ಯ ಓದುವಾಗ ಅವರ ದನಿ ಸಣ್ಣದಾಯ್ತು. ಆಮೇಲೆ ಅದನ್ನ ಆ ದೇಶದ ಭಾಷೆಗೆ ಬರೆದು, ಎರಡು ಬೆರಳಲ್ಲಿ ಟೈಪ್ ಮಾಡಿ, ಮೊಹರು ಎತ್ತಿದರು. ಇಂಕಿನ ಪ್ಯಾಡಿಗೆ ಒತ್ತಿ ಒಂದು ಕ್ಷಣ ಗಾಳಿಯಲ್ಲೇ ಹಿಡಿದಿದ್ದರು. ಅನುವಾದಕರ ಮಂಡಳಿಗೆ ಗೊತ್ತಾದರೆ ವಿಚಾರಣೆ ಅಂತ ಕರೆಸಬಹುದು, ಮೊಹರು ಕಿತ್ತುಕೊಂಡರೂ ಕಿತ್ತುಕೊಂಡರೇ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಒತ್ತಿದರು.

ಹೊಸ ಅರ್ಜಿ ಅವತ್ತೇ ಸಂಜೆ ಎದುರಿನ ಕಚೇರಿಯ ಮೂರನೇ ಮಹಡಿಗೆ ಹೋಯಿತು. ತಿದ್ದುಪಡಿ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಹನ್ನೆರಡು ಮಿಷನ್ನಿನ ಚೀಟಿಗಳ ನಕಲು, ಏಳು ಹಲಗೆಯ ಒಂದು ಫೋಟೋ. ಫೋಟೋ ಮೇಷ್ಟ್ರ ಯೋಚನೆ. ಆ ಮೂರು ವಾರ ನಾನು ಎಷ್ಟು ಜನರ ಅರ್ಜಿಯಲ್ಲಿ ಎಷ್ಟು ತಪ್ಪು ಮಾಡಿದೆನೋ. ದಿನಾ ಹನ್ನೊಂದು ಗಂಟೆಗೆ ಕಚೇರಿಯ ಲಕೋಟೆಗಳು ಕೆಳಗೆ ಬರುತ್ತವೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಮೇಷ್ಟ್ರು ಪೆನ್ಸಿಲ್ ಕೆಳಗಿಡ್ತಿದ್ದರು. ಕೇಳಿದರೆ ‘ಕೈ ನೋವು’ ಅಂತಿದ್ದರು.

ಇಪ್ಪತ್ತೆರಡನೇ ದಿನ ಲಕೋಟೆ ಬಂತು. ಈ ಸಲ ಬಿಚ್ಚೋ ಧೈರ್ಯ ನನಗಿರಲಿಲ್ಲ, ಅತ್ತೆ ಕೈಗೆ ಕೊಟ್ಟೆ. ಅವರು ಪಾಸ್‌ಪೋರ್ಟಿನ ಹಾಳೆ ಒಂದೊಂದೇ ಮಗುಚಿದರು. ಹದಿಮೂರನೇ ಹಾಳೆಯಲ್ಲಿ ಬಣ್ಣದ ಚೀಟಿ ಅಂಟಿಸಿತ್ತು, ಅದರಲ್ಲಿ ಅವರದೇ ಮುಖ, ನಾನು ತೆಗೆದ ಫೋಟೋ. ‘ಅಕ್ಕ, ಇದು ಬಂತು ಅಂತಲಾ?’ ಅಂದರು. ಇಬ್ಬರದ್ದೂ ಬಂತು ಅಂದೆ. ಮಾಮ ಜೇಬಿನಿಂದ ಆ ಕುರ್ಚಿ ನಂಬರಿನ ಚೀಟಿ ತೆಗೆದು ನೋಡಿ, ಮಡಚಿ, ಮತ್ತೆ ಜೇಬಿಗೇ ಇಟ್ಟುಕೊಂಡರು. ಮೇಷ್ಟ್ರು ಬಂದು ತಾರೀಕುಗಳನ್ನ ಎರಡು ಸಲ ಓದಿ ‘ಸರಿಯಾಗಿದೆ’ ಅಂದರು.

ಹೊರಡೋ ದಿನ ಅಂಗಡಿಗೆ ಒಂದು ಬೋರ್ಡು ಬೇಕು ಅಂತ ಮಾಮ ಅಂದರು. ‘ಬಾಗಿಲು ಹಾಕಿದೆ ಅಂತ ಬರೆದರೆ ಸಾಕಲ್ಲ?’ ಮೇಷ್ಟ್ರು ಸಾಕಾಗಲ್ಲ ಅಂದರು. ರಟ್ಟು ತರಿಸಿ ತಾವೇ ಬರೆದರು: ‘ಮಗಳ ಹತ್ತಿರ ಹೋಗಿ ಬರ್ತೀವಿ.’ ಕೆಳಗೆ ವಾಪಸ್ ಬರೋ ತಾರೀಕು. ನಾಲ್ಕನೇ ಹಲಗೆಗೆ ತಾವೇ ಕಟ್ಟಿದರು. ಗಂಟು ಸೊಟ್ಟ ಆಗಿತ್ತು, ನಾನು ಬಾಯಿ ಬಿಡಲಿಲ್ಲ.

ಪದವಿಯ ದಿನ ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆ. ಫೋನು ಬಂತು. ಸ್ಪೀಕರಿಗೆ ಹಾಕಿ ಲ್ಯಾಮಿನೇಷನ್ ಮೇಜಿನ ಮೇಲಿಟ್ಟೆ. ಆ ಕಡೆ ದೊಡ್ಡ ಸಭೆಯ ಗಲಾಟೆ.

‘ಕೂತಿದ್ದೀವಿ ಅಕ್ಕ, ಆರನೇ ಸಾಲು!’ ಅಂದರು ಅತ್ತೆ. ‘ಇವರು ಕುರ್ಚಿ ಅಲ್ಲಾಡುತ್ತೆ ಅಂತ ಬಗ್ಗಿ ಸ್ಕ್ರೂ ನೋಡ್ತಿದ್ದಾರೆ. ಪುಟ್ಟಿ ಅಲ್ಲಿ ಮುಂದೆ ಕಪ್ಪು ಗೌನು ಹಾಕ್ಕೊಂಡು ನಿಂತಿದ್ದಾಳೆ. ಮೊನ್ನೆ ನಮ್ಮನ್ನ ನೋಡಿದ ತಕ್ಷಣ ಏನಂದಳು ಗೊತ್ತಾ? ಅಂತೂ ಬಾಗಿಲು ಹಾಕಿ ಬಂದ್ಬಿಟ್ರಲ್ಲಪ್ಪಾ ಅಂದಳು.’

ನನ್ನ ಕಣ್ಣಲ್ಲಿ ನೀರು ಬಂತು, ಬರಲಿ. ಮೇಷ್ಟ್ರು ಎದ್ದು ಮೇಜಿನ ಹತ್ತಿರ ಬಂದು ಫೋನಿನ ಮೇಲೆ ಬಗ್ಗಿದರು.

‘ತಾಯಿ, ಒಂದು ಮಾತು ಕೇಳಲಾ? ಅವಳು ಅದನ್ನ ನಗ್ತಾ ಅಂದಳಾ, ಅಳ್ತಾ ಅಂದಳಾ?’

ಆ ಕಡೆ ಚಪ್ಪಾಳೆ ಶುರುವಾಯಿತು. ಅದರ ನಡುವೆ ಅತ್ತೆಯ ದನಿ ಬಂತು. ‘ಎರಡೂ ಮೇಷ್ಟ್ರೇ.’

ಅವರು ತಮ್ಮ ಜಾಗಕ್ಕೆ ಹೋಗಿ ಹಸಿರು ಪುಸ್ತಕ ತೆಗೆದರು. ನಾನು ಮೂಗು ತೂರಿಸದೆ ಇರ್ತೀನಾ, ಹಿಂದೆ ಹೋಗಿ ನಿಂತೆ. ‘ಬಂದುಬಿಡು’ ಅಂತ ಎಡಗಡೆ ಇತ್ತು. ಬಲಗಡೆ ಹಳೆಯದನ್ನ ರಬ್ಬರಿನಿಂದ ಯಾವಾಗಲೋ ಅಳಿಸಿದ್ದರು, ಜಾಗ ಖಾಲಿ ಇತ್ತು. ಪೆನ್ಸಿಲ್ ತಗೊಂಡು ಆ ಖಾಲಿ ಜಾಗದಲ್ಲಿ, ನಮ್ಮ ಮಾತಿನಲ್ಲೇ, ‘ಎರಡೂ’ ಅಂತ ಬರೆದರು.